ವಾರ್ಷಿಕ ಸಂಚಿಕೆ: ಹೆಸರುಪಟ್ಟಿಯಿಂದ ಅಚ್ಚಿನ ಮನೆಯವರೆಗೆ

ವಿದ್ಯಾರ್ಥಿಗಳ ವಾರ್ಷಿಕ ಸಂಚಿಕೆ ಕೈಗೆ ಬಂದ ಕೂಡಲೇ ಪ್ರತಿಯೊಬ್ಬರೂ ಮೊದಲು ಹುಡುಕುವುದು ತಮ್ಮ ಹೆಸರು ಮತ್ತು ಭಾವಚಿತ್ರವನ್ನು. ಸಂಪಾದಕೀಯವನ್ನು ಓದುವವರು ವಿರಳ. ಹೀಗಿರುವಾಗ ಸಂಪಾದಕ ಮಂಡಳಿಯ ಮೊದಲ ಸಭೆ ಮುಖಪುಟದ ಚರ್ಚೆಯಲ್ಲೇ ಮುಗಿದುಹೋಗುವುದು ಸರಿಯಲ್ಲ. ಕಚೇರಿಯ ದಾಖಲೆಯಿಂದ ಪ್ರತಿ ತರಗತಿಯ ಹೆಸರುಪಟ್ಟಿ ಪಡೆದು, ಅದನ್ನು ತರಗತಿಯಲ್ಲಿ ತಿರುಗಿಸಿ, ಪ್ರತಿ ವಿದ್ಯಾರ್ಥಿಯೂ ತನ್ನ ಹೆಸರಿನ ಕಾಗುಣಿತ ಮತ್ತು ಇನಿಷಿಯಲ್‌ಗಳನ್ನು ನೋಡಿ ಸಹಿ ಹಾಕುವಂತೆ ಮಾಡುವುದೇ ಮೊದಲ ಕೆಲಸ.

ಎರಡನೆಯದು ದಿನಾಂಕಗಳ ಲೆಕ್ಕ. ಸಂಚಿಕೆ ವಿತರಣೆಯಾಗಬೇಕಾದ ದಿನವನ್ನು ಗೊತ್ತುಮಾಡಿ, ಮುದ್ರಣ ಮತ್ತು ಬೈಂಡಿಂಗ್, ಕರಡು ತಿದ್ದುವಿಕೆ, ಪುಟವಿನ್ಯಾಸ, ಬರಹಗಳ ಸಂಗ್ರಹ ಎಂದು ಹಿಂದುಹಿಂದಕ್ಕೆ ಎಣಿಸುತ್ತ ಬರಬೇಕು. ಪರೀಕ್ಷೆಯ ವಾರಗಳನ್ನು ಈ ಎಣಿಕೆಯಿಂದ ಕೈಬಿಡಬೇಕು, ಏಕೆಂದರೆ ಆಗ ಯಾರೂ ಕೆಲಸಕ್ಕೆ ಸಿಗುವುದಿಲ್ಲ.

ಪುಟಗಳ ಸಂಖ್ಯೆಯನ್ನು ಮನಬಂದಂತೆ ನಿರ್ಧರಿಸಲಾಗದು. ನಡುವೆ ಪಿನ್ ಹೊಡೆಯುವ ಸಂಚಿಕೆಯ ಪುಟಗಳು 4ರ ಗುಣಕದಲ್ಲಿರಬೇಕು. ದಪ್ಪ ಸಂಚಿಕೆಗಳನ್ನು ಸಾಮಾನ್ಯವಾಗಿ 8 ಅಥವಾ 16 ಪುಟಗಳ ಫಾರಂಗಳಲ್ಲಿ, ಅಂದರೆ ಒಂದೇ ದೊಡ್ಡ ಹಾಳೆಯಲ್ಲಿ ಅಚ್ಚಾಗಿ ಮಡಿಕೆಯಾಗುವ ಪುಟಗಳ ಕಂತೆಗಳಲ್ಲಿ, ಅಚ್ಚು ಹಾಕುತ್ತಾರೆ. 240 ವಿದ್ಯಾರ್ಥಿಗಳಿದ್ದು, ಪುಟಕ್ಕೆ 12 ಭಾವಚಿತ್ರಗಳಂತೆ ಜೋಡಿಸಿದರೆ ಅದಕ್ಕೇ 20 ಪುಟಗಳು ಬೇಕು. ವರದಿಗಳು, ಬರಹಗಳು, ಜಾಹೀರಾತುಗಳೆಲ್ಲ ಉಳಿದ ಪುಟಗಳಲ್ಲಿ ಹೊಂದಿಕೊಳ್ಳಬೇಕು. ಖಾಲಿ ಹಾಳೆಗಳನ್ನು ಮಡಿಸಿ ಒಂದು ಡಮ್ಮಿ ಮಾಡಿಕೊಂಡು, ಯಾವ ಪುಟದಲ್ಲಿ ಏನಿರುತ್ತದೆ ಎಂದು ಬರೆದಿಟ್ಟರೆ ಮುಂದಿನ ವಾಗ್ವಾದಗಳು ಅರ್ಧದಷ್ಟು ಕಡಿಮೆಯಾಗುತ್ತವೆ. ಬಣ್ಣದ ಪುಟಗಳನ್ನು ಒಂದೇ ಫಾರಂನೊಳಗೆ ಬರುವಂತೆ ಹೊಂದಿಸಿದರೆ ವೆಚ್ಚವೂ ತಗ್ಗುತ್ತದೆ. ಎಷ್ಟು ಪ್ರತಿಗಳು ಬೇಕೆಂಬುದನ್ನು ಮುಂಗಡ ಬೇಡಿಕೆಯ ಮೇಲೆ ನಿರ್ಧರಿಸುವುದು ಕ್ಷೇಮ.

ಅತಿ ಹೆಚ್ಚು ತೊಂದರೆ ಕೊಡುವುದು ಚಿತ್ರಗಳು. ಮೊಬೈಲ್ ಪರದೆಯ ಮೇಲೆ ಸೊಗಸಾಗಿ ಕಂಡ ಚಿತ್ರ ಕಾಗದದ ಮೇಲೆ ಮಸುಕಾಗಬಹುದು. ಮುದ್ರಣಕ್ಕೆ ಪ್ರತಿ ಅಂಗುಲಕ್ಕೆ 300 ಪಿಕ್ಸೆಲ್‌ಗಳು ಬೇಕೆಂಬುದು ರೂಢಿಯ ಅಳತೆ. ಅಂದರೆ 5 ಸೆಂಟಿಮೀಟರ್ ಅಗಲದ ಭಾವಚಿತ್ರಕ್ಕೆ ಸುಮಾರು 600 ಪಿಕ್ಸೆಲ್‌ಗಳೂ, ಪೂರ್ಣ ಎ4 ಪುಟದ ಚಿತ್ರಕ್ಕೆ 2480×3508 ಪಿಕ್ಸೆಲ್‌ಗಳೂ ಇರಬೇಕು. ವಾಟ್ಸ್‌ಆ್ಯಪ್ ಚಿತ್ರಗಳನ್ನು ಕುಗ್ಗಿಸಿ ಕಳುಹಿಸುವುದರಿಂದ ಅವನ್ನು ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸುವಂತೆ ಎಲ್ಲರಿಗೂ ಮೊದಲೇ ತಿಳಿಸಬೇಕು. ಭಾವಚಿತ್ರದ ಫೈಲಿಗೆ ವಿದ್ಯಾರ್ಥಿಯ ಕ್ರಮಸಂಖ್ಯೆಯನ್ನೇ ಹೆಸರಾಗಿ ಕೊಟ್ಟರೆ ಒಬ್ಬರ ಮುಖದ ಕೆಳಗೆ ಇನ್ನೊಬ್ಬರ ಹೆಸರು ಬರುವ ಸಂಭವ ಬಹಳ ಕಡಿಮೆ. ಗುಂಪುಚಿತ್ರದಲ್ಲಿರುವವರ ಹೆಸರುಗಳನ್ನು ಚಿತ್ರ ತೆಗೆದ ಸ್ಥಳದಲ್ಲೇ ಎಡದಿಂದ ಬಲಕ್ಕೆ ಬರೆದುಕೊಳ್ಳಬೇಕು. ಚಿತ್ರ ಪ್ರಕಟವಾಗುವುದು ಬೇಡವೆನ್ನುವವರ ಮಾತನ್ನು ಮನ್ನಿಸಿ, ಅವರ ಹೆಸರನ್ನಷ್ಟೇ ಹಾಕಬಹುದು.

ಬರಹಗಳ ಆಯ್ಕೆಯಲ್ಲಿ ಸ್ವಲ್ಪ ನಿಷ್ಠುರತೆ ಬೇಕು. ಸಹಪಾಠಿಗಳಿಗೆ ಕೊಡುವ ತಮಾಷೆಯ ಬಿರುದುಗಳು ಬರೆದವರಿಗೆ ನಗು ತರಿಸಿದರೂ ಬಿರುದು ಹೊತ್ತವರಿಗೆ ನೋವುಂಟುಮಾಡಬಹುದು. ಸಂದೇಹವಿದ್ದಲ್ಲಿ ಬಿಟ್ಟುಬಿಡುವುದೇ ಲೇಸು. ಯೂನಿಕೋಡ್‌ನಲ್ಲಿ (ಇಂದಿನ ಮೊಬೈಲ್, ಕಂಪ್ಯೂಟರ್‌ಗಳು ಬಳಸುವ ಅಕ್ಷರಸಂಕೇತದಲ್ಲಿ) ಬಂದ ಕನ್ನಡ ಬರಹವನ್ನು ಯೂನಿಕೋಡ್ ಅಲ್ಲದ ಹಳೆಯ ಫಾಂಟಿಗೆ ಪರಿವರ್ತಿಸಬೇಕಾಗಿ ಬಂದರೆ ಒತ್ತಕ್ಷರಗಳನ್ನು ಮತ್ತೊಮ್ಮೆ ಪರೀಕ್ಷಿಸಬೇಕು.

ಪುಟವಿನ್ಯಾಸದಲ್ಲಿ, ಅಂಚಿನವರೆಗೆ ಚಾಚುವ ಚಿತ್ರಗಳಿಗೆ ಕತ್ತರಿಸುವ ಗೆರೆಯಾಚೆ ಸಾಮಾನ್ಯವಾಗಿ 3 ಮಿಲಿಮೀಟರ್ ಹೆಚ್ಚುವರಿ ಬಿಡುತ್ತಾರೆ. ಬೈಂಡಿಂಗ್‌ನ ಒಳಮಡಿಕೆಯಲ್ಲಿ ಯಾರ ಮುಖವೂ ಸಿಲುಕಬಾರದು.

ಕರಡನ್ನು ಪರದೆಯ ಮೇಲೆ ನೋಡಿ ತೃಪ್ತರಾಗದೆ ಕಾಗದದ ಮೇಲೆ ಮುದ್ರಿಸಿ, ಒಬ್ಬರು ಸಹಿ ಹಾಕಿಸಿಕೊಂಡ ಪಟ್ಟಿಯನ್ನು ಗಟ್ಟಿಯಾಗಿ ಓದುತ್ತಿರುವಂತೆ ಇನ್ನೊಬ್ಬರು ಪುಟದಲ್ಲಿನ ಹೆಸರುಗಳನ್ನು ಗುರುತುಹಾಕಬೇಕು. ಫಾಂಟ್‌ಗಳು ಅಡಕವಾಗಿರುವ ಪಿಡಿಎಫ್ ಅನ್ನು ಮುದ್ರಕರಿಗೆ ಒಪ್ಪಿಸಿದ ಮೇಲೆ ಅವರು ಕೊಡುವ ಕೊನೆಯ ಕರಡಚ್ಚಿಗೆ ಹೊಣೆ ಹೊತ್ತವರೊಬ್ಬರೇ ಸಹಿ ಹಾಕಬೇಕು. ಅನಂತರ ಪ್ರಾಚಾರ್ಯರ ಸಂದೇಶವಾದರೂ ಸರಿ, ಬದಲಾವಣೆಗೆ ಅವಕಾಶವಿಲ್ಲ. ಪ್ರತಿಗಳು ಬಂದಾಗ ಬೇರೆ ಬೇರೆ ಕಟ್ಟುಗಳಿಂದ ಕೆಲವನ್ನು ತೆಗೆದು, ಯಾವುದಾದರೂ ಫಾರಂ ಬಿಟ್ಟುಹೋಗಿದೆಯೇ, ತಲೆಕೆಳಗಾಗಿದೆಯೇ ಎಂದು ಪುಟ ಮಗುಚಿ ನೋಡಿದ ನಂತರವೇ ಬಾಕಿ ಹಣ ಪಾವತಿಸಬೇಕು.