ರಿಯಲ್ ಐಡಿ: ಅಮೆರಿಕದೊಳಗೆ ವಿಮಾನ ಹತ್ತಲು ಯಾವ ಕಾರ್ಡ್ ನಡೆಯುತ್ತದೆ, ಯಾವುದು ನಡೆಯುವುದಿಲ್ಲ

ಭಾರತದ ಪಾಸ್‌ಪೋರ್ಟ್ ಕೈಯಲ್ಲಿದ್ದರೆ ಅಮೆರಿಕದೊಳಗಿನ ವಿಮಾನ ಹತ್ತಲು ರಿಯಲ್ ಐಡಿ (ಫೆಡರಲ್ ನಿಯಮಕ್ಕೆ ಹೊಂದುವಂತೆ ರಾಜ್ಯಗಳು ಕೊಡುವ ಡ್ರೈವಿಂಗ್ ಲೈಸೆನ್ಸ್ ಅಥವಾ ಗುರುತಿನ ಚೀಟಿ) ಇರಲೇಬೇಕೆಂದಿಲ್ಲ. ಮೊದಲೇ ಇದನ್ನು ಹೇಳಿಬಿಡುವುದು ಒಳ್ಳೆಯದು. ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುವ ಸಂದೇಶಗಳನ್ನು ನಂಬಿದರೆ ಆ ಕಾರ್ಡ್ ಇಲ್ಲದವರನ್ನು ಏರ್‌ಪೋರ್ಟ್ ಬಾಗಿಲಲ್ಲೇ ವಾಪಸ್ ಕಳಿಸುತ್ತಾರೆ ಅನ್ನಿಸುತ್ತದೆ. ಹಾಗೇನೂ ಇಲ್ಲ. ಪಾಸ್‌ಪೋರ್ಟಿನಲ್ಲಿರುವ ವೀಸಾ ಮುದ್ರೆಯ ಅವಧಿ ಮುಗಿದಿದ್ದರೂ ಅಡ್ಡಿಯಿಲ್ಲ. ತಪಾಸಣೆಯ ಸಾಲಿನಲ್ಲಿ ಕೂತಿರುವ ಟಿಎಸ್‌ಎ (ವಿಮಾನ ಪ್ರಯಾಣದ ಭದ್ರತೆ ನೋಡುವ ಫೆಡರಲ್ ಸಂಸ್ಥೆ) ಸಿಬ್ಬಂದಿ ನೋಡುವುದು ನೀವು ಯಾರು ಎಂಬುದನ್ನು. ವೀಸಾ ಮುದ್ರೆ ದೇಶದೊಳಕ್ಕೆ ಬರುವಾಗಿನ ವಿಷಯ.

ಬದಲಾಗಿರುವುದು ಇಷ್ಟು: 2025ರ ಮೇ 7ರಿಂದ, 18 ವರ್ಷ ತುಂಬಿದವರು ಡ್ರೈವಿಂಗ್ ಲೈಸೆನ್ಸ್ ಅಥವಾ ರಾಜ್ಯದ ಗುರುತಿನ ಚೀಟಿ ತೋರಿಸಿ ವಿಮಾನ ಹತ್ತುವುದಾದರೆ ಅದು ರಿಯಲ್ ಐಡಿ ಮಾದರಿಯದೇ ಆಗಿರಬೇಕು. ಕಾನೂನು 2005ರದು, 2001ರ ಸೆಪ್ಟೆಂಬರ್ 11ರ ದಾಳಿಯ ತನಿಖಾ ಆಯೋಗದ ಶಿಫಾರಸಿನಿಂದ ಹುಟ್ಟಿದ್ದು. ಮೊದಲ ಗಡುವು 2008. ರಾಜ್ಯಗಳು ಒಪ್ಪದೆ, ಆಮೇಲೆ ಕೋವಿಡ್ ಬಂದು, ಮುಂದೂಡುತ್ತಲೇ ಹೋದರು. ಅದಕ್ಕೇ ಎಷ್ಟೋ ಜನ ‘ಇದೂ ಮುಂದಕ್ಕೆ ಹೋಗುತ್ತೆ ಬಿಡಿ’ ಎಂದು ಕೂತಿದ್ದರು. ಈ ಸಲ ಹೋಗಲಿಲ್ಲ.

ನಿಮ್ಮ ಲೈಸೆನ್ಸ್ ಯಾವ ಜಾತಿಯದು ಎಂದು ತಿಳಿಯಲು ಮೇಲಿನ ಮೂಲೆ ನೋಡಿ. ಕಪ್ಪು ಅಥವಾ ಚಿನ್ನದ ಬಣ್ಣದ ನಕ್ಷತ್ರವಿದ್ದರೆ ಅದು ರಿಯಲ್ ಐಡಿ. ಕ್ಯಾಲಿಫೋರ್ನಿಯಾದಲ್ಲಿ ಚಿನ್ನದ ಬಣ್ಣದ ಕರಡಿ, ಅದರೊಳಗೆ ನಕ್ಷತ್ರ. ನಕ್ಷತ್ರವಿಲ್ಲದೆ ‘ಫೆಡರಲ್ ಲಿಮಿಟ್ಸ್ ಅಪ್ಲೈ’ ಅಥವಾ ‘ನಾಟ್ ಫಾರ್ ಫೆಡರಲ್ ಪರ್ಪಸಸ್’ ಎಂಬಂಥ ಸಾಲಿದ್ದರೆ ಗಾಡಿ ಓಡಿಸಲು ಸಾಕು, ವಿಮಾನಕ್ಕೆ ಸಾಲದು.

ಸಿಯಾಟಲ್, ಬೆಲ್ವ್ಯೂ, ರೆಡ್ಮಂಡ್ ಕಡೆಯವರಿಗೆ ಒಂದು ಮಾತು. ವಾಷಿಂಗ್ಟನ್ ರಾಜ್ಯ ನಕ್ಷತ್ರದ ರಿಯಲ್ ಐಡಿ ಕೊಡುವ ದಾರಿ ಹಿಡಿಯಲಿಲ್ಲ. ಅಲ್ಲಿ ವಿಮಾನಕ್ಕೆ ನಡೆಯುವುದು ‘ಎನ್‌ಹಾನ್ಸ್ಡ್’ ಲೈಸೆನ್ಸ್, ಅದು ಅಮೆರಿಕದ ನಾಗರಿಕರಿಗೆ ಮಾತ್ರ. ಎಚ್-1ಬಿ (ಉದ್ಯೋಗ ವೀಸಾ) ಅಥವಾ ಎಚ್-4 (ಅವರ ಸಂಗಾತಿ, ಮಕ್ಕಳ ವೀಸಾ) ಮೇಲೆ ಅಲ್ಲಿರುವವರು ಡಿಎಂವಿ (ಲೈಸೆನ್ಸ್ ಕೊಡುವ ರಾಜ್ಯದ ಕಚೇರಿ) ಸಾಲಿನಲ್ಲಿ ನಿಂತು ಪ್ರಯೋಜನವಿಲ್ಲ, ಪಾಸ್‌ಪೋರ್ಟ್ ಒಯ್ಯುವುದೇ ದಾರಿ. ನ್ಯೂಯಾರ್ಕ್, ಮಿಷಿಗನ್, ಮಿನೆಸೋಟ, ವರ್ಮಾಂಟ್‌ಗಳಲ್ಲೂ ಎನ್‌ಹಾನ್ಸ್ಡ್ ಲೈಸೆನ್ಸ್ ಉಂಟು, ಆದರೆ ಅಲ್ಲಿ ರಿಯಲ್ ಐಡಿ ಬೇರೆಯಾಗಿಯೂ ಸಿಗುತ್ತದೆ.

ಯಾರಿಗೆ ಏನು ಸಾಕು

ಗ್ರೀನ್ ಕಾರ್ಡ್ ಇರುವವರಿಗೆ ಆ ಕಾರ್ಡೇ ಸಾಕು. ಹೇಗೂ 18 ದಾಟಿದವರು ಅದನ್ನು ಸದಾ ಜೊತೆಗಿಟ್ಟುಕೊಳ್ಳಬೇಕೆಂಬುದು ವಲಸೆ ಕಾನೂನಿನಲ್ಲೇ ಇದೆ. ಎಚ್-4 ಇಎಡಿ (ಕೆಲಸದ ಅನುಮತಿ ಕಾರ್ಡ್), ವಿದ್ಯಾರ್ಥಿಗಳ ಓಪಿಟಿ ಇಎಡಿ, ಗ್ರೀನ್ ಕಾರ್ಡ್ ಅರ್ಜಿಯ ಮೇಲೆ ಬಂದ ಇಎಡಿ, ಇವೆಲ್ಲ ಒಂದೇ ಐ-766 ಕಾರ್ಡು. ಅದೂ ಟಿಎಸ್‌ಎ ಒಪ್ಪುವ ಪಟ್ಟಿಯಲ್ಲಿದೆ. ನಾಗರಿಕರಾದವರಿಗೆ ಅಮೆರಿಕದ ಪಾಸ್‌ಪೋರ್ಟ್, ಇಲ್ಲವೇ ಪರ್ಸಿನಲ್ಲಿ ಹಿಡಿಸುವ ಪಾಸ್‌ಪೋರ್ಟ್ ಕಾರ್ಡ್. ಭಾರತ ಮೂಲದ ವಿದೇಶಿ ನಾಗರಿಕರಿಗೆ ಭಾರತ ಕೊಡುವ ಒಸಿಐ ಪುಸ್ತಕ ಇಲ್ಲಿ ಯಾವ ಲೆಕ್ಕಕ್ಕೂ ಬರುವುದಿಲ್ಲ.

ಆರು ತಿಂಗಳಿಗೆಂದು ಬಂದ ಅಪ್ಪ-ಅಮ್ಮನಿಗೆ ಪಾಸ್‌ಪೋರ್ಟ್ ಬಿಟ್ಟರೆ ಬೇರೆ ಆಧಾರವಿಲ್ಲ. ಆಧಾರ್, ಪಾನ್, ಊರಿನ ಡ್ರೈವಿಂಗ್ ಲೈಸೆನ್ಸ್, ಹಿರಿಯ ನಾಗರಿಕರ ಕಾರ್ಡು ಯಾವುದೂ ನಡೆಯದು, ಪಾಸ್‌ಪೋರ್ಟಿನ ಜೆರಾಕ್ಸೂ ನಡೆಯದು. ‘ಕಳೆದುಹೋದೀತು’ ಎಂದು ಪಾಸ್‌ಪೋರ್ಟನ್ನು ಮನೆಯ ಬೀರುವಿನಲ್ಲೇ ಇಟ್ಟು ಒರ್‌ಲ್ಯಾಂಡೋಗೋ ಲಾಸ್ ವೇಗಸ್‌ಗೋ ಹೊರಡಿಸುವುದು ಪೇಚಿಗೆ ಸಿಕ್ಕಿಸುವ ಎಚ್ಚರಿಕೆ. ಚೆಕ್-ಇನ್ ಬ್ಯಾಗಿನೊಳಗೂ ಹಾಕಬೇಡಿ, ಕೈಚೀಲದಲ್ಲಿರಲಿ. ವಿದೇಶಿ ಪಾಸ್‌ಪೋರ್ಟ್ ತೋರಿಸಿದವರ ಬೋರ್ಡಿಂಗ್ ಪಾಸನ್ನೂ ಕೇಳುವುದುಂಟು. ಫೋನಿನಲ್ಲಿ ತೆಗೆದಿಟ್ಟುಕೊಂಡರೆ ಸಾಕು.

18ರೊಳಗಿನ ಮಕ್ಕಳಿಗೆ ದೇಶದೊಳಗಿನ ಪ್ರಯಾಣದಲ್ಲಿ ಟಿಎಸ್‌ಎ ಗುರುತಿನ ಚೀಟಿ ಕೇಳುವುದಿಲ್ಲ. ತೊಡೆಯ ಮೇಲೆ ಕೂರಿಸಿಕೊಳ್ಳುವ ಎರಡು ವರ್ಷದೊಳಗಿನ ಮಗುವಿಗೆ ವಿಮಾನ ಕಂಪನಿ ವಯಸ್ಸಿನ ದಾಖಲೆ ಕೇಳಬಹುದು, ಜನನ ಪ್ರಮಾಣಪತ್ರದ ಪ್ರತಿ ಇರಲಿ.

ಹಾಗಾದರೆ ವೀಸಾದ ಮೇಲಿರುವವರಿಗೆ ರಿಯಲ್ ಐಡಿ ಯಾಕೆ ಬೇಕು? ಪಾಸ್‌ಪೋರ್ಟನ್ನು ಪ್ರತಿ ಪ್ರಯಾಣಕ್ಕೂ ಹೊತ್ತು ತಿರುಗುವುದು ತಪ್ಪುತ್ತದೆ. ಅದಕ್ಕಿಂತ ಮುಖ್ಯವಾಗಿ, ಪಾಸ್‌ಪೋರ್ಟ್ ನಿಮ್ಮ ಕೈಯಲ್ಲಿ ಇರದ ದಿನಗಳು ಬರುತ್ತವೆ: ನವೀಕರಣಕ್ಕೆಂದು ಕಳಿಸಿರುತ್ತೀರಿ, ವಾರಗಟ್ಟಲೆ ಅದು ಅಲ್ಲೇ. ಆ ನಡುವೆ ಕ್ಲೈಂಟ್ ಭೇಟಿ ಬಂದರೆ ನಕ್ಷತ್ರದ ಲೈಸೆನ್ಸೇ ಗತಿ. ಆದ್ದರಿಂದ ಪಾಸ್‌ಪೋರ್ಟ್ ಕೈಯಲ್ಲಿರುವಾಗಲೇ ಇದನ್ನು ಮಾಡಿಸಿಡುವುದು ಜಾಣತನ. ಅರ್ಜಿ ಹಾಕಲೂ ಅದೇ ಪಾಸ್‌ಪೋರ್ಟ್ ಬೇಕಲ್ಲ.

ಡಿಎಂವಿಗೆ ಹೋಗುವ ಮುಂಚೆ ಐ-94

ಎಲ್ಲರೂ ಡಿಎಂವಿ ಎನ್ನುತ್ತೇವಾದರೂ ಟೆಕ್ಸಸ್‌ನಲ್ಲಿ ಅದು ಡಿಪಿಎಸ್, ನ್ಯೂಜೆರ್ಸಿಯಲ್ಲಿ ಎಂವಿಸಿ, ಮ್ಯಾಸಚುಸೆಟ್ಸ್‌ನಲ್ಲಿ ಆರ್‌ಎಂವಿ, ಜಾರ್ಜಿಯಾದಲ್ಲಿ ಡಿಡಿಎಸ್, ಇಲಿನಾಯ್‌ನಲ್ಲಿ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿ. ದಾಖಲೆಗಳ ಪಟ್ಟಿಯನ್ನು ನಿಮ್ಮ ರಾಜ್ಯದ ಅಧಿಕೃತ ತಾಣದಿಂದಲೇ ತೆಗೆಯಿರಿ. ಡಲ್ಲಾಸ್‌ನ ಗೆಳೆಯರ ಪಟ್ಟಿ ಎಡಿಸನ್‌ನಲ್ಲಿ ಕೆಲಸಕ್ಕೆ ಬಾರದು. ಶುಲ್ಕವೂ ರಾಜ್ಯ ರಾಜ್ಯಕ್ಕೆ ಬೇರೆ. ಪೆನ್ಸಿಲ್ವೇನಿಯಾ ಮೊದಲ ಸಲಕ್ಕೆ 30 ಡಾಲರ್ ಹೆಚ್ಚಿಗೆ ವಸೂಲು ಮಾಡುತ್ತದೆ, ನ್ಯೂಯಾರ್ಕ್ ಹೆಚ್ಚುವರಿ ಏನೂ ಕೇಳುವುದಿಲ್ಲ.

ಎಲ್ಲ ಕಡೆಯೂ ಕೇಳುವುದು ನಾಲ್ಕು ಸಂಗತಿ: ಗುರುತು ಮತ್ತು ಕಾನೂನುಬದ್ಧ ವಾಸ್ತವ್ಯ, ಜನ್ಮದಿನಾಂಕ, ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ, ವಾಸದ ವಿಳಾಸಕ್ಕೆ ಎರಡು ಪುರಾವೆ. ವೀಸಾದವರ ಪಾಲಿಗೆ ಮೊದಲೆರಡಕ್ಕೆ ಪಾಸ್‌ಪೋರ್ಟ್ ಮತ್ತು ಐ-94 (ದೇಶದೊಳಕ್ಕೆ ಬಂದದ್ದನ್ನೂ ಯಾವಾಗಿನವರೆಗೆ ಇರಬಹುದೆಂಬುದನ್ನೂ ಹೇಳುವ ದಾಖಲೆ). ಫೆಡರಲ್ ನಿಯಮದ ಪಠ್ಯದಲ್ಲಿ ಪಾಸ್‌ಪೋರ್ಟಿಗೆ ಅಂಟಿಸಿದ, ಅವಧಿ ಇರುವ ವೀಸಾ ಎಂದೇ ಬರೆದಿದೆ. ಇಲ್ಲೇ ಇದ್ದುಕೊಂಡು ಎಕ್ಸ್‌ಟೆನ್ಷನ್ ಮಾಡಿಸಿ, ಮುದ್ರೆ ಹಳೆಯದಾಗಿರುವವರು ತಮ್ಮ ರಾಜ್ಯದ ಪಟ್ಟಿಯಲ್ಲಿ ಈ ಸಾಲನ್ನು ವಿಶೇಷವಾಗಿ ಓದಬೇಕು. ಇಎಡಿ ಇದ್ದರೆ ಅದನ್ನೇ ಗುರುತಾಗಿ ಕೊಡಿ, ಈ ತಕರಾರೇ ಏಳುವುದಿಲ್ಲ.

ಅಸಲಿ ಆಟ ಇರುವುದು ಐ-94ರಲ್ಲಿ. ನಿಮ್ಮ ರಿಯಲ್ ಐಡಿಯ ಅವಧಿ ನಿಮಗೆ ಇಲ್ಲಿರಲು ಅನುಮತಿ ಇರುವ ದಿನದವರೆಗೆ ಮಾತ್ರ. ಕಾರ್ಡಿನ ಮೇಲೆ ‘ಲಿಮಿಟೆಡ್ ಟರ್ಮ್’ ಎಂದೋ ‘ಟೆಂಪೊರರಿ’ ಎಂದೋ ಅಚ್ಚಾಗಿರುತ್ತದೆ. ಐ-94ರಲ್ಲಿ ದಿನಾಂಕವೇ ಇಲ್ಲದೆ ‘ಡಿ/ಎಸ್’ (ವಿದ್ಯಾರ್ಥಿಯಾಗಿರುವವರೆಗೆ) ಎಂದಿರುವ ಎಫ್-1 ವಿದ್ಯಾರ್ಥಿಗಳಿಗೆ ನಿಯಮದ ಪ್ರಕಾರ ಒಂದು ವರ್ಷಕ್ಕೆ ಮೀರದಂತೆ ಕೊಡಬೇಕು. ವಿದ್ಯಾಸಂಸ್ಥೆ ಕೊಡುವ ಐ-20ಯಲ್ಲಿ ಓದು ಮುಗಿಯುವ ದಿನಾಂಕ ನೋಡಿ ಕೊಡುವ ರಾಜ್ಯಗಳೂ ಇವೆ, ಹಾಗಾಗಿ ಹೊಸ ಸಹಿ ಇರುವ ಐ-20 ಜೊತೆಗಿರಲಿ.

ಎಡವಟ್ಟು ಎಲ್ಲಿ ಆಗುತ್ತದೆಂದರೆ, ಐ-797ನಲ್ಲಿ (ಅರ್ಜಿ ಮಂಜೂರಾದ ಪತ್ರ) ಮೂರು ವರ್ಷ ಇದೆ ಎಂದು ನೆಮ್ಮದಿಯಾಗಿರುತ್ತೀರಿ. ನಡುವೆ ಬೆಂಗಳೂರಿಗೆ ಹೋಗಿ ಬರುತ್ತೀರಿ. ಪಾಸ್‌ಪೋರ್ಟ್ ಮುಂದಿನ ವರ್ಷವೇ ಮುಗಿಯುವುದಿದ್ದರೆ ಗಡಿಯ ಅಧಿಕಾರಿ ಐ-94ಅನ್ನು ಪಾಸ್‌ಪೋರ್ಟಿನ ಕೊನೆಯ ದಿನಕ್ಕೇ ನಿಲ್ಲಿಸಬಹುದು. ಕೊನೆಯ ಸಲ ಒಳಬಂದಾಗಿನ ಐ-94 ಲೆಕ್ಕಕ್ಕೆ ಬರುವುದರಿಂದ ಲೈಸೆನ್ಸೂ ಅಲ್ಲಿಗೇ ನಿಲ್ಲುತ್ತದೆ. ಲೈಸೆನ್ಸ್ ಬಿಡಿ, ಇಲ್ಲಿರುವ ಹಕ್ಕೂ ಅಲ್ಲಿಗೇ. ಪ್ರತಿ ಸಲ ಬಂದ ಮೇಲೂ ಸಿಬಿಪಿ (ಗಡಿ ತಪಾಸಣೆಯ ಇಲಾಖೆ) ತಾಣದಿಂದ ಐ-94 ಇಳಿಸಿ ಹೆಸರು, ವೀಸಾ ವರ್ಗ, ಕೊನೆಯ ದಿನ ಮೂರನ್ನೂ ನೋಡಿ. ಬರೆಯುವಾಗಿನ ತಪ್ಪಿದ್ದರೆ ಸಿಬಿಪಿಯ ಡಿಫರ್ಡ್ ಇನ್‌ಸ್ಪೆಕ್ಷನ್ ಕಚೇರಿಯಲ್ಲಿ ಸರಿಪಡಿಸುತ್ತಾರೆ. ದೇಶ ಬಿಡದೆ ಎಕ್ಸ್‌ಟೆನ್ಷನ್ ಪಡೆದವರಿಗೆ ಐ-797ಎ ಹಾಳೆಯ ಕೆಳಭಾಗದಲ್ಲಿರುವುದೇ ಹೊಸ ಐ-94, ಅದನ್ನು ಕತ್ತರಿಸಿ ಬಿಸಾಡಬೇಡಿ.

ಕೌಂಟರಿನವರು ನಿಮ್ಮ ವಿವರವನ್ನು ವಲಸೆ ಸ್ಥಿತಿ ಪರಿಶೀಲಿಸುವ ‘ಸೇವ್’ ಎಂಬ ಫೆಡರಲ್ ವ್ಯವಸ್ಥೆಗೆ ಹಾಕುತ್ತಾರೆ. ಹೊಂದಿದರೆ ಕ್ಷಣದಲ್ಲಿ ಮುಗಿಯಿತು. ಹೊಂದದಿದ್ದರೆ ‘ಹೆಚ್ಚುವರಿ ಪರಿಶೀಲನೆ’ಗೆ ಹೋಗುತ್ತದೆ, ದಿನಗಳಿಂದ ವಾರಗಳವರೆಗೆ ಎಳೆಯಬಹುದು. ದೇಶಕ್ಕೆ ಬಂದ ಮರುದಿನವೇ ಹೋದವರಿಗೆ, ಐ-94 ಸಂಖ್ಯೆ ತಪ್ಪಾಗಿ ಟೈಪಾದವರಿಗೆ ಹೀಗಾಗುವುದು ಸಾಮಾನ್ಯ. 2019ರಿಂದ ಆ ಸಂಖ್ಯೆಯಲ್ಲಿ ಹನ್ನೊಂದು ಸ್ಥಾನಗಳು, ಹತ್ತನೆಯದು ಅಕ್ಷರ. ಕೈಬರಹದಲ್ಲಿ ಕೊಟ್ಟರೆ ಅದನ್ನೂ ಅಂಕಿಯೆಂದು ಓದಿಬಿಡುತ್ತಾರೆ, ಅಚ್ಚು ಹಾಕಿಸಿಯೇ ಕೊಡಿ. ಬಂದು ಹತ್ತು ದಿನವಾದರೂ ಬಿಟ್ಟು ಹೋಗಿ. ಪರಿಶೀಲನೆ ಬಾಕಿ ಎಂದರೆ ಕೇಸ್ ಸಂಖ್ಯೆ ಕೇಳಿ ಪಡೆಯಿರಿ, ಸೇವ್ ತಾಣದ ‘ಕೇಸ್‌ಚೆಕ್’ನಲ್ಲಿ ಅದು ಎಲ್ಲಿದೆ ಎಂದು ಮನೆಯಿಂದಲೇ ನೋಡಬಹುದು.

ಹೆಸರಿನ ಗಂಟು

ನಮ್ಮವರ ಹೆಸರುಗಳಿಗೆ ಈ ವ್ಯವಸ್ಥೆ ಹೇಳಿ ಮಾಡಿಸಿದ್ದಲ್ಲ. ಊರು, ತಂದೆ, ಆಮೇಲೆ ಸ್ವಂತ ಹೆಸರು. ಕಾಲೇಜಿನಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಪೂರ್ತಿ. ಪಾಸ್‌ಪೋರ್ಟಿನ ಸರ್‌ನೇಮ್ ಜಾಗ ಖಾಲಿ ಬಿಟ್ಟವರಿಗೆ ಅಮೆರಿಕದ ವೀಸಾದಲ್ಲಿ ಇದ್ದ ಒಂದೇ ಹೆಸರು ಸರ್‌ನೇಮ್ ಆಗುತ್ತದೆ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ ಎಂದರ್ಥ) ಕೂರುತ್ತದೆ. ಲೈಸೆನ್ಸಿನಲ್ಲೂ ಅದೇ ಬರುವುದರಿಂದ ಮಂಜುನಾಥ ‘ಎಫ್‌ಎನ್‌ಯು ಮಂಜುನಾಥ’ ಆಗುತ್ತಾರೆ. ನೋಡಲು ವಿಚಿತ್ರ, ಆದರೆ ತಪ್ಪಲ್ಲ. ಟಿಕೆಟನ್ನೂ ಹಾಗೆಯೇ ತೆಗೆಸಿದರೆ ತೊಂದರೆಯಿಲ್ಲ. ತೊಂದರೆ ಬರುವುದು ಟಿಕೆಟಿನಲ್ಲಿ ಒಂದು, ತೋರಿಸುವ ಕಾರ್ಡಿನಲ್ಲಿ ಇನ್ನೊಂದು ಇದ್ದಾಗ. ಮೊದಲ ಮತ್ತು ನಡುವಿನ ಹೆಸರನ್ನು ಬೋರ್ಡಿಂಗ್ ಪಾಸ್ ಒಟ್ಟಿಗೆ ಅಂಟಿಸಿ ಅಚ್ಚುಹಾಕಿದ್ದರೆ ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಸೋಷಿಯಲ್ ಸೆಕ್ಯುರಿಟಿ ದಾಖಲೆಯಲ್ಲಿ ಹೆಸರು ಬೇರೆ ಇದ್ದರೆ ಡಿಎಂವಿಯ ಹೋಲಿಕೆ ಸರಿಹೊಂದುವುದಿಲ್ಲ, ಬರಿಗೈಯಲ್ಲಿ ವಾಪಸ್. ಮದುವೆಯ ನಂತರ ಪಾಸ್‌ಪೋರ್ಟಿನಲ್ಲಿ ಮಾತ್ರ ಹೆಸರು ಬದಲಿಸಿಕೊಂಡವರಿಗೆ ಇದು ಕಟ್ಟಿಟ್ಟ ಬುತ್ತಿ. ತಿದ್ದುವ ಕ್ರಮ ಪಾಸ್‌ಪೋರ್ಟ್, ಆಮೇಲೆ ವಲಸೆ ದಾಖಲೆ, ಆಮೇಲೆ ಎಸ್ಎಸ್-5 ಅರ್ಜಿಯಿಂದ ಸೋಷಿಯಲ್ ಸೆಕ್ಯುರಿಟಿ (ಶುಲ್ಕವಿಲ್ಲ), ಕೊನೆಗೆ ಲೈಸೆನ್ಸ್. ಹಿಂದುಮುಂದು ಮಾಡಿದರೆ ಒಂದೇ ಕೆಲಸಕ್ಕೆ ಎರಡು ಸಲ ಅಲೆದಾಟ.

ಕೆಲಸದ ಅನುಮತಿ ಇಲ್ಲದ ಎಚ್-4ನವರಿಗೆ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯೇ ಇರುವುದಿಲ್ಲ. ಅದಿಲ್ಲದೆಯೂ ರಿಯಲ್ ಐಡಿ ಸಿಗುತ್ತದೆ. ಕೆಲವು ರಾಜ್ಯಗಳು ಸೋಷಿಯಲ್ ಸೆಕ್ಯುರಿಟಿ ಕಚೇರಿಯಿಂದ ‘ಅರ್ಹರಲ್ಲ’ ಎಂಬ ಎಸ್ಎಸ್ಎ-ಎಲ್676 ಪತ್ರ ತರಲು ಹೇಳುತ್ತವೆ. ಬಾಡಿಗೆ ಕರಾರು, ಕರೆಂಟ್ ಬಿಲ್ ಎಲ್ಲ ಗಂಡನ ಹೆಸರಿನಲ್ಲೇ ಇದ್ದರೆ ವಿಳಾಸದ ಪುರಾವೆಯೂ ತೊಡಕೇ. ಜಂಟಿ ಬ್ಯಾಂಕ್ ಖಾತೆ ತೆರೆದು, ಬಾಡಿಗೆ ಕರಾರಿನಲ್ಲಿ ಇಬ್ಬರ ಹೆಸರೂ ಸೇರಿಸುವುದು ಸುಲಭದ ದಾರಿ. ಮದುವೆ ಪ್ರಮಾಣಪತ್ರದ ಜೊತೆ ಸಂಗಾತಿಯ ಬಿಲ್ ಒಪ್ಪುವ ರಾಜ್ಯಗಳಲ್ಲಿ ಕ್ಯಾಲಿಫೋರ್ನಿಯಾ ಒಂದು. ಪ್ರಮಾಣಪತ್ರ ಕನ್ನಡದಲ್ಲಿ ಮಾತ್ರ ಇದ್ದರೆ ಇಂಗ್ಲಿಷ್ ಅನುವಾದ ಬೇಕಾಗುತ್ತದೆ. ಪಿಒ ಬಾಕ್ಸ್ ವಿಳಾಸ ನಡೆಯದು.

ಕೌಂಟರಿನಲ್ಲಿ ಅಥವಾ ಪರದೆಯ ಮೇಲೆ ‘ಮತದಾರರಾಗಿ ನೋಂದಾಯಿಸಿಕೊಳ್ಳುತ್ತೀರಾ, ನೀವು ನಾಗರಿಕರೇ’ ಎಂದು ಕೇಳುತ್ತಾರೆ. 1993ರ ಕಾನೂನಿನಂತೆ ಡಿಎಂವಿಗಳಲ್ಲಿ ಇದು ಮಾಮೂಲು. ಗ್ರೀನ್ ಕಾರ್ಡಿನವರೂ ಸೇರಿ ನಾಗರಿಕರಲ್ಲದ ಯಾರೂ ಇದಕ್ಕೆ ಹೌದು ಎನ್ನಬಾರದು. ಆತುರದಲ್ಲಿ ಒತ್ತಿದ ಒಂದು ಗುಂಡಿ ಮುಂದೆ ಗ್ರೀನ್ ಕಾರ್ಡಿಗೋ ಪೌರತ್ವಕ್ಕೋ ಕುತ್ತಾಗುತ್ತದೆ. ಸಹಿ ಹಾಕುವ ಮುಂಚೆ ಪೂರ್ತಿ ಅರ್ಜಿ ಓದಿ.

ಕಾರ್ಡು ಅಂಚೆಯಲ್ಲಿ ಬರುವವರೆಗೆ ಕೊಡುವ ಕಾಗದದ ತಾತ್ಕಾಲಿಕ ಲೈಸೆನ್ಸನ್ನು ಟಿಎಸ್‌ಎ ಒಪ್ಪುವುದಿಲ್ಲ. ಆ ವಾರಗಳಲ್ಲಿ ಪಾಸ್‌ಪೋರ್ಟೇ ಗತಿ. ಫೋನಿನೊಳಗಿನ ಡಿಜಿಟಲ್ ಲೈಸೆನ್ಸ್ ಎಲ್ಲ ಕಡೆ ಓದಿಸಿಕೊಳ್ಳುವುದಿಲ್ಲ, ಪ್ಲಾಸ್ಟಿಕ್ ಕಾರ್ಡ್ ಜೊತೆಗಿರಬೇಕು. ಎಕ್ಸ್‌ಟೆನ್ಷನ್ ಬಾಕಿಯಿದ್ದು ಲೈಸೆನ್ಸ್ ಅವಧಿ ಮುಗಿದವರಿಗೆ ಒಂದು ಸಮಾಧಾನ: ಟಿಎಸ್‌ಎ ತಾನು ಒಪ್ಪುವ ಕಾರ್ಡುಗಳನ್ನು ಅವಧಿ ಮುಗಿದ ಎರಡು ವರ್ಷದವರೆಗೂ ಒಪ್ಪುತ್ತದೆ. ವಿಮಾನ ಹತ್ತಬಹುದು, ಆದರೆ ಅದೇ ಕಾರ್ಡಿನಲ್ಲಿ ಏರ್‌ಪೋರ್ಟಿಗೆ ಗಾಡಿ ಓಡಿಸಿಕೊಂಡು ಹೋಗುವಂತಿಲ್ಲ!

ಏನೂ ಇಲ್ಲದೆ ಏರ್‌ಪೋರ್ಟ್ ತಲುಪಿಬಿಟ್ಟರೆ? 2026ರ ಫೆಬ್ರುವರಿ 1ರಿಂದ ‘ಟಿಎಸ್‌ಎ ಕನ್ಫರ್ಮ್‌ಐಡಿ’ ಎಂಬ ಏರ್ಪಾಡಿದೆ: 45 ಡಾಲರ್ ಕಟ್ಟಿದರೆ ಬೇರೆ ಮಾಹಿತಿಯಿಂದ ನಿಮ್ಮ ಗುರುತು ಹೊಂದಿಸಿ ನೋಡುತ್ತಾರೆ, ಹೊಂದಿದರೆ ಹತ್ತು ದಿನದ ಪ್ರಯಾಣಕ್ಕೆ ಅದು ಸಲ್ಲುತ್ತದೆ. ಹೊಂದದಿದ್ದರೆ ಒಳಗೆ ಬಿಡುವ ಖಾತ್ರಿಯಿಲ್ಲ. ದಾಖಲೆಗಳಲ್ಲಿ ಹೆಚ್ಚು ಹೆಜ್ಜೆಗುರುತು ಇಲ್ಲದ, ಈಚೆಗೆ ಬಂದ ಅಪ್ಪ-ಅಮ್ಮನ ವಿಷಯದಲ್ಲಿ ಇದನ್ನು ನಂಬಿಕೊಂಡು ಹೊರಡಬೇಡಿ.

ಹವಾಯಿ, ಅಲಾಸ್ಕಾ, ಪೋರ್ಟೊ ರಿಕೋ ದೇಶದೊಳಗಿನ ಪ್ರಯಾಣವೇ, ರಿಯಲ್ ಐಡಿ ಸಾಕು. ಆದರೂ ವೀಸಾದವರು ಇಷ್ಟು ದೂರ ಹೋಗುವಾಗ ಪಾಸ್‌ಪೋರ್ಟ್ ಮತ್ತು ಐ-94 ಬಿಟ್ಟು ಹೋಗಬೇಡಿ. ಯುಎಸ್ ವರ್ಜಿನ್ ಐಲ್ಯಾಂಡ್ಸ್‌ನಿಂದ ಮರಳುವಾಗಂತೂ ಸಿಬಿಪಿ ತಪಾಸಣೆ ಇರುತ್ತದೆ, ಅಲ್ಲಿ ನಕ್ಷತ್ರಕ್ಕೆ ಬೆಲೆಯಿಲ್ಲ. ನಯಾಗರದ ಕೆನಡಾ ದಡ, ಕ್ಯಾಂಕೂನ್, ಕೆರಿಬಿಯನ್ ಕ್ರೂಸ್ ಇವೆಲ್ಲ ಗಡಿ ದಾಟುವ ಮಾತು. ಅದಕ್ಕೆ ರಿಯಲ್ ಐಡಿ ಆಗುವುದಿಲ್ಲ, ಪಾಸ್‌ಪೋರ್ಟ್ ಜೊತೆಗೆ ಮರಳಿ ಬರಲು ಬೇಕಾದ ವೀಸಾ ಇದೆಯೇ ಎಂದು ಟಿಕೆಟ್ ತೆಗೆಯುವ ಮೊದಲೇ ನೋಡಿಕೊಳ್ಳಬೇಕು.