‘ರೆಡ್ ಅಲರ್ಟ್’ ಎಂದಷ್ಟೇ ಹೇಳಿದರೆ ಸಾಲದು

ಮಳೆಗಾಲ ಹಿಡಿಯಿತೆಂದರೆ ತೀರ್ಥಹಳ್ಳಿ, ಹೊಸನಗರದ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ‘ರೆಡ್ ಅಲರ್ಟ್, ಎಚ್ಚರ’ ಎಂಬ ಸಂದೇಶ ಸುತ್ತತೊಡಗುತ್ತದೆ. ನಮ್ಮೂರ ಗುಂಪಿನಲ್ಲಿ ಒಮ್ಮೆ ಹಿಂದಿನ ವರ್ಷದ ಸಂದೇಶವೇ ಬಂದು, ಬಿಸಿಲಿದ್ದ ದಿನ ಮಕ್ಕಳು ಮನೆಯಲ್ಲಿ ಉಳಿದರು. ಮುಂದೆ ನಿಜವಾದ ಎಚ್ಚರಿಕೆ ಬಂದಾಗ ಯಾರೂ ಕದಲಲಿಲ್ಲ. ಊರಿಗೆ ಸುದ್ದಿ ಮುಟ್ಟಿಸುವ ಪಂಚಾಯಿತಿ ಸದಸ್ಯರು, ಶಿಕ್ಷಕರು ಈ ಕ್ರಮ ಅನುಸರಿಸುವುದು ಒಳ್ಳೆಯದು.

ಮೊದಲು ಮೂಲ ನೋಡಿ. ಭಾರತೀಯ ಹವಾಮಾನ ಇಲಾಖೆ, ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಅಥವಾ ಜಿಲ್ಲಾಡಳಿತದಿಂದ ಬಾರದ್ದನ್ನು ಮುಂದೆ ಕಳಿಸಬೇಡಿ.

ಎರಡನೆಯದು ಬಣ್ಣ: ಹಳದಿಯೆಂದರೆ ಗಮನವಿಡಿ, ಕಿತ್ತಳೆಯೆಂದರೆ ಸಿದ್ಧರಾಗಿ, ಕೆಂಪೆಂದರೆ ಕೂಡಲೇ ಕ್ರಮ ಕೈಗೊಳ್ಳಿ.

ಹೆಚ್ಚಿನವರು ಎಡವುವುದು ಮೂರನೆಯ ಹಂತದಲ್ಲಿ, ಅಂದರೆ ಮುನ್ಸೂಚನೆಯನ್ನು ಊರಿನ ಮಾತಿಗೆ ಇಳಿಸುವಲ್ಲಿ. ಒಂದು ದಿನಕ್ಕೆ 204.4 ಮಿ.ಮೀ. ಮೀರಿದ ಮಳೆಯನ್ನು ಇಲಾಖೆ ಅತ್ಯಂತ ಭಾರಿ ಮಳೆ ಎಂದು ವರ್ಗೀಕರಿಸುತ್ತದೆ. ಆದರೆ ಆಗುಂಬೆ, ಹುಲಿಕಲ್ಲಿನ ಮಳೆ ಕಂಡವರಿಗೆ ಆ ಅಂಕಿಯಿಂದ ದಿಗಿಲಾಗುವುದಿಲ್ಲ. ಆದ್ದರಿಂದ ಎಷ್ಟು ಮಳೆ ಎನ್ನುವುದಕ್ಕಿಂತ ಆ ಮಳೆಗೆ ಯಾವ ಹಳ್ಳ ಏರುತ್ತದೆ, ಯಾವ ಧರೆ (ಕಡಿದಾದ ಮಣ್ಣಿನ ದಿಬ್ಬ) ಜರಿಯಬಹುದು, ಯಾರು ಎಷ್ಟು ಹೊತ್ತಿಗೆ ಏನು ಮಾಡಬೇಕು ಎಂಬುದನ್ನು ಹೇಳಬೇಕು. ನಾನು ಬರೆಯುವುದು ಹೀಗೆ: ‘ಜುಲೈ 18, ಮಧ್ಯಾಹ್ನ 3ರಿಂದ ನಾಳೆ ಬೆಳಿಗ್ಗೆ 8.30ರವರೆಗೆ ಕೆಂಪು ಎಚ್ಚರಿಕೆ. ಕೆಳಕೇರಿಯವರು ಕಾಲುಸಂಕ ದಾಟಬೇಡಿ. ಧರೆಯ ಬುಡದ ಮನೆಯವರು ಕತ್ತಲಾಗುವ ಮೊದಲೇ ಕೊಟ್ಟಿಗೆಯ ದನ ಬಿಚ್ಚಿ ಶಾಲೆಗೆ ಬನ್ನಿ. ಸಂಜೆ 6ಕ್ಕೆ ಮತ್ತೆ ತಿಳಿಸುತ್ತೇವೆ.’ ‘ಭಯಪಡುವ ಅಗತ್ಯವಿಲ್ಲ’ ಎಂಬ ಸಾಲನ್ನು ದಯವಿಟ್ಟು ಸೇರಿಸಬೇಡಿ. ಓದುವವರು ಅದೊಂದನ್ನೇ ಹಿಡಿದು ಸುಮ್ಮನಾಗುತ್ತಾರೆ. ಶಿವಮೊಗ್ಗ ನಗರದಲ್ಲಾದರೆ ಗಾಜನೂರಿನ ತುಂಗಾ ಅಣೆಕಟ್ಟಿನಿಂದ ಇಷ್ಟು ಕ್ಯೂಸೆಕ್ ನೀರು ಬಿಟ್ಟರು ಎನ್ನುವುದರ ಜೊತೆಗೆ ಹೊಳೆಯಲ್ಲಿರುವ ಕೋರ್ಪಲಯ್ಯನ ಛತ್ರದ ಮಂಟಪದಲ್ಲಿ ನೀರು ಎಲ್ಲಿಗೆ ಬಂದಿದೆ ಎಂದೂ ಬರೆಯಿರಿ, ತುಂಗೆಯ ದಡದವರಿಗೆ ಅದು ತಟ್ಟನೆ ತಿಳಿಯುತ್ತದೆ.

ನಾಲ್ಕನೆಯದು ತಲುಪಿಸುವುದು. ಬಣ್ಣಬಣ್ಣದ ಪೋಸ್ಟರ್ ಮಾಡುವ ಆ್ಯಪ್‌ಗಳ ಹಿಂದೆ ಬೀಳಬೇಡಿ; ನಮ್ಮ ಕಡೆಯ ನೆಟ್‌ವರ್ಕಿಗೆ ಚಿತ್ರ ತೆರೆದುಕೊಳ್ಳುವುದೇ ಇಲ್ಲ, ಬರೀ ಅಕ್ಷರವೇ ಸಾಕು. ಸಿಡಿಲಿಗೆ ಮಾತ್ರ ‘ದಾಮಿನಿ’ ಆ್ಯಪ್ ಇಟ್ಟುಕೊಳ್ಳಬಹುದು. ಕರೆಂಟು ಹೋಗಿ ಟವರ್ ಕೈಕೊಟ್ಟಾಗ ಜೀಪಿಗೆ ಮೈಕು ಕಟ್ಟಿಯೇ ಹೋಗಬೇಕು, ಜೀಪು ಹೋಗದ ಒಂಟಿಮನೆಗಳಿಗೆ ಯಾರು ನಡೆದು ಹೋಗುವವರು ಎಂಬುದನ್ನು ಮೇ ತಿಂಗಳಲ್ಲೇ ನಿಗದಿ ಮಾಡಿ. ಜಿಲ್ಲಾ ನಿಯಂತ್ರಣ ಕೊಠಡಿಯ 1077 ಸಂಖ್ಯೆಯನ್ನು ಪ್ರತಿ ಸಂದೇಶದ ಕೊನೆಯಲ್ಲಿ ಹಾಕಿ.

ಎಚ್ಚರಿಕೆ ಹಿಂತೆಗೆದ ಕೂಡಲೇ ಅದನ್ನೂ ತಿಳಿಸಿ, ಹಳೆಯ ಸಂದೇಶವನ್ನು ಗುಂಪಿನಿಂದ ಅಳಿಸಿಬಿಡಿ.