ಅಜಥಯೋಪ್ರಿನ್ ಶುರುಮಾಡಿದ ಮೇಲೆ ಕಾಯುವುದು ಹೇಗೆ

ನನಗೆ ಮಯಸ್ತೇನಿಯಾ ಗ್ರಾವಿಸ್. ನರದ ಸೂಚನೆಯನ್ನು ಸ್ನಾಯು ಪಡೆಯುವ ಜಾಗಕ್ಕೇ ನಮ್ಮದೇ ಪ್ರತಿಕಾಯಗಳು ಮುತ್ತಿಗೆ ಹಾಕುವ ಕಾಯಿಲೆ. ಸಂಜೆಯಾದರೆ ರೆಪ್ಪೆ ಜೋಲುತ್ತಿತ್ತು. ಎರಡು ಪುಟ ಗಟ್ಟಿಯಾಗಿ ಓದುವಷ್ಟರಲ್ಲಿ ದನಿ ಮೂಗಿಗೇರುತ್ತಿತ್ತು. ಬಲಹೀನತೆಗೆ ಕೊಡುವ ಪಿರಿಡೋಸ್ಟಿಗ್ಮಿನ್ ಮಾತ್ರೆ ಕೆಲವು ಗಂಟೆ ಕೈಹಿಡಿಯುತ್ತದೆ, ಅಷ್ಟೆ. ಪ್ರತಿಕಾಯಗಳನ್ನು ತಗ್ಗಿಸಲೆಂದು ನನಗೆ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್, ಜೊತೆಗೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಅಜಥಯೋಪ್ರಿನ್ ಕೊಟ್ಟರು.

ಮೊದಲ ಮಾತ್ರೆ ನುಂಗುವ ಮುಂಚೆ ಟಿಪಿಎಂಟಿ, ಎನ್‌ಯುಡಿಟಿ15 ಪರೀಕ್ಷೆಗಳ ಬಗ್ಗೆ ಕೇಳಿ. ಇವು ಈ ಔಷಧಿಯನ್ನು ಮೈಯಲ್ಲಿ ನಿಭಾಯಿಸುವ ಕಿಣ್ವಗಳು. ಇವು ತೀರ ಕಡಿಮೆಯಿದ್ದವರಲ್ಲಿ ಅಜಥಯೋಪ್ರಿನ್ ರಕ್ತಕಣಗಳನ್ನು ಅಪಾಯದ ಮಟ್ಟಕ್ಕೆ ಇಳಿಸಬಲ್ಲದು. ಯೂರಿಕ್ ಆಮ್ಲಕ್ಕೆ ಅಲೋಪ್ಯೂರಿನಾಲ್ ತೆಗೆದುಕೊಳ್ಳುತ್ತಿದ್ದರೆ ಹೇಳಲೇಬೇಕು, ಎರಡೂ ಸೇರಿದರೂ ಇದೇ ಅಪಾಯ.

ನನ್ನ ತೂಕ 58 ಕಿಲೋ. ದಿನಕ್ಕೆ 50 ಮಿಲಿಗ್ರಾಂನಿಂದ ಶುರುವಾಗಿ 150ಕ್ಕೆ ಏರಿತು. ಮೊದಲ ತಿಂಗಳು ವಾರವಾರವೂ ರಕ್ತಕಣ, ಯಕೃತ್ತಿನ ಪರೀಕ್ಷೆ. ಆರಂಭದ ವಾರಗಳಲ್ಲಿ ಜ್ವರ, ವಾಂತಿ, ಮೈಕೈ ನೋವು ಬಂದರೆ ಒಗ್ಗಿಹೋಗುತ್ತದೆಂದು ಸುಮ್ಮನಿರಬೇಡಿ, ಅಂದೇ ವೈದ್ಯರಿಗೆ ತಿಳಿಸಿ. ಕೆಲವರಿಗೆ ಈ ಔಷಧಿ ಆಗಿಬರುವುದೇ ಇಲ್ಲ.

ಕಷ್ಟವಿರುವುದು ಆಮೇಲೆ. ಅಜಥಯೋಪ್ರಿನ್ ಗುಣ ಕಾಣಲು 6ರಿಂದ 12 ತಿಂಗಳು, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಅಲ್ಲಿಯವರೆಗೆ ಭಾರ ಹೊರುವುದು ಸ್ಟೀರಾಯ್ಡ್. ಅದೂ ಮೊದಲ ಎರಡು ವಾರಗಳಲ್ಲಿ ಬಲಹೀನತೆಯನ್ನು ಹೆಚ್ಚಿಸಬಹುದು. ನನಗೆ ಒಂಬತ್ತನೇ ದಿನ ಕತ್ತು ಎತ್ತಲಾಗಲಿಲ್ಲ. ಮೊದಲೇ ಹೇಳಿದ್ದರಿಂದ ಹೆದರದೆ ಫೋನ್ ಮಾಡಿದೆ. ಮೂರನೇ ತಿಂಗಳು, ಏನೂ ಬದಲಾಗಿಲ್ಲವೆಂದು ಅಜಥಯೋಪ್ರಿನ್ ಬಿಟ್ಟೇಬಿಡಬೇಕು ಅನ್ನಿಸಿತ್ತು. ತಡೆದದ್ದು ಒಂದು ನೋಟುಪುಸ್ತಕ. ದಿನವೂ ಒಂದೇ ಹೊತ್ತಿಗೆ, ಒಂದೇ ಉಸಿರಿನಲ್ಲಿ ಎಷ್ಟು ಎಣಿಸಿದೆ, ಎಷ್ಟು ಪುಟ ಓದಿದೆ ಎಂದು ಬರೆಯುತ್ತಿದ್ದೆ. ನೀವೂ ಬರೆಯಿರಿ. ನಿನ್ನೆಗೂ ಇಂದಿಗೂ ವ್ಯತ್ಯಾಸ ತಿಳಿಯುವುದಿಲ್ಲ, ತಿಂಗಳಿಗೂ ತಿಂಗಳಿಗೂ ತಿಳಿಯುತ್ತದೆ.

ಈ ಔಷಧಿಗಳು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವುದರಿಂದ ಜ್ವರವನ್ನು ಮನೆಯಲ್ಲೇ ಕಾದು ನೋಡಬೇಡಿ. ಕಾಯಿಲೆಯ ಹೆಸರು ಬರೆದ ಚೀಟಿ ಜೇಬಿನಲ್ಲಿರಲಿ. ಸಿಪ್ರೊಫ್ಲಾಕ್ಸಾಸಿನ್, ಅಜಿಥ್ರೋಮೈಸಿನ್, ಜೆಂಟಾಮೈಸಿನ್‌ನಂಥ ಆಂಟಿಬಯಾಟಿಕ್‌ಗಳು ನಮ್ಮ ಬಲಹೀನತೆಯನ್ನು ಕೆರಳಿಸಬಲ್ಲವು. ಜೀವಂತ ವೈರಸ್ ಇರುವ ಲಸಿಕೆಗಳೂ ಬೇಡ. ಗರ್ಭದ ಯೋಚನೆಯಿದ್ದರೆ ಮುಂಚಿತವಾಗಿ ಮಾತಾಡಿ. ಈ ಕಾಯಿಲೆಗೆ ಕೊಡುವ ಮೈಕೊಫೆನೊಲೇಟ್‌ನಂಥ ಕೆಲವು ಔಷಧಿಗಳು ಮಗುವಿಗೆ ಹಾನಿಕರ.

ಮಲಗಿದರೆ ಉಸಿರು ಕಟ್ಟುವುದು, ಎಂಜಲು ನುಂಗಲಾಗದಿರುವುದು ಶುರುವಾದರೆ ತಕ್ಷಣ ತುರ್ತು ಚಿಕಿತ್ಸೆಗೆ ಹೊರಡಿ. ಬೆರಳಿನ ಆಕ್ಸಿಮೀಟರ್ 97 ತೋರಿಸಿದರೂ ನಂಬಬೇಡಿ. ಉಸಿರಾಟದ ಸ್ನಾಯುಗಳು ಸೋತ ಎಷ್ಟೋ ಹೊತ್ತಿನ ಮೇಲೆ ಆ ಅಂಕಿ ಬೀಳುತ್ತದೆ.

ಸ್ಟೀರಾಯ್ಡ್ ಅನ್ನು ಎಂದೂ ಒಮ್ಮೆಲೇ ನಿಲ್ಲಿಸಬೇಡಿ. ನನ್ನದು 14ನೇ ತಿಂಗಳಿಗೆ 5 ಮಿಲಿಗ್ರಾಂಗೆ ಇಳಿಯಿತು. ಪ್ರತಿ ಸಲ ಇಳಿಸುವ ಮೊದಲು ವೈದ್ಯರು ಆ ನೋಟುಪುಸ್ತಕವನ್ನು ತಿರುವಿ ನೋಡುತ್ತಿದ್ದರು.